ಒಂದು ಕಾಲು, ಭಾಗಿಸು ಮೂರು

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಪಾಪ, ಅವರ ಕಾಲದಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಇರಲಿಲ್ಲ, ಲೋಕ ಅದಾಲತ್ ಇರಲಿಲ್ಲ, ಜಾಯಿಂಟ್ ಮೆಮೊ ಎಂಬ ಒಂದೂವರೆ ಪುಟದ ಕಾಗದವೂ ಇರಲಿಲ್ಲ. ಗೆಲುವು, ಸೋಲು ಎಂಬ ಎರಡು ಒರಟು ದಾರಿಗಳನ್ನು ಬಿಟ್ಟರೆ ಅವರಿಗೆ ಬೇರೆ ಗೊತ್ತಿರಲಿಲ್ಲ. ಯಾರೂ ಗೆಲ್ಲದೆ, ಯಾರೂ ಸೋಲದೆ, ಕಾಲು ಮುರಿದುಕೊಂಡವನೂ ಸೇರಿ ಎಲ್ಲರೂ ಪರಸ್ಪರ ಥ್ಯಾಂಕ್ಸ್ ಹೇಳಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುವ ಮೂರನೆಯ ದಾರಿಯನ್ನು ಅವರು ನೋಡಲಿಲ್ಲವಲ್ಲ ಎಂದು ನನಗೆ ಮರುಕವಾಗುತ್ತದೆ. ನಾನು ನೋಡಿದೆ. ನಮ್ಮ ಭಾವನ ಬಲಗಾಲಿನ ದಯೆಯಿಂದ.

ಭಾವ ಟೈಲರ್. ತಾಲ್ಲೂಕು ಕೇಂದ್ರದಲ್ಲಿ ಸ್ವಂತ ಅಂಗಡಿ, ಎರಡು ಮಷೀನು. ಹಿರಿಯೂರಿನ ಕಡೆ ನಿಶ್ಚಿತಾರ್ಥ ಮುಗಿಸಿಕೊಂಡು ಪರಿಚಯದವರ ಕಾರಿನಲ್ಲಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ವಾಪಸು ಬರುತ್ತಿದ್ದರು. ಎಡಗಡೆಯ ಲೇನಿನಲ್ಲಿ ಲಾರಿಯೊಂದು ಆಕ್ಸಲ್ ಮುರಿದುಕೊಂಡು ನಿಂತಿತ್ತು. ಹಿಂದಿನ ದೀಪ ಇರಲಿಲ್ಲ, ಹೊಳೆಯುವ ತ್ರಿಕೋನ ಫಲಕವೂ ಇರಲಿಲ್ಲ. ಹಾಗಂತ ಡ್ರೈವರಿಗೆ ಜವಾಬ್ದಾರಿ ಇರಲಿಲ್ಲ ಎನ್ನಬೇಡಿ. ಬೇವಿನ ಕೊಂಬೆ ಮುರಿದು ಹಿಂದೆ ಹಾಕಿದ್ದ, ಎರಡು ಕಲ್ಲನ್ನೂ ಇಟ್ಟಿದ್ದ. ಕತ್ತಲಲ್ಲಿ ನೂರು ಕಿಲೋಮೀಟರ್ ವೇಗದಲ್ಲಿ ಬರುವವರು ಬೇವಿನ ಎಲೆಯನ್ನು ಗುರುತು ಹಿಡಿಯಲಾರದೆ ಹೋದರೆ ಅದು ನಮ್ಮ ಶಾಲೆಗಳಲ್ಲಿ ಸಸ್ಯಶಾಸ್ತ್ರ ಕಲಿಸುವ ರೀತಿಯ ತಪ್ಪು. ಕಾರು ಹೋಗಿ ಗುದ್ದಿತು. ಮುಂದೆ ಕೂತಿದ್ದ ಭಾವನ ತೊಡೆಯ ಮೂಳೆ ಎರಡಾಯಿತು.

ಆಮೇಲೆ ನಡೆದದ್ದೆಲ್ಲ ಶಾಸ್ತ್ರೋಕ್ತ. ಪೊಲೀಸರು ಬಂದು ಮಹಜರು ಬರೆದರು, ನಕ್ಷೆ ತೆಗೆದರು. ನಕ್ಷೆಯಲ್ಲಿ ಲಾರಿ ಒಂದು ಚೌಕ, ಕಾರು ಇನ್ನೊಂದು ಚಿಕ್ಕ ಚೌಕ, ನಡುವೆ ಒಂದು ಬಾಣ. ಬೇವಿನ ಕೊಂಬೆಗೆ ಜಾಗ ಸಾಲಲಿಲ್ಲ. ಮೋಟಾರು ವಾಹನ ನಿರೀಕ್ಷಕರು ಎರಡೂ ಗಾಡಿಗಳನ್ನು ಪರೀಕ್ಷಿಸಿ, ಅಪಘಾತವು ವಾಹನಗಳ ಯಾಂತ್ರಿಕ ದೋಷದಿಂದ ಸಂಭವಿಸಿದ್ದಲ್ಲ ಎಂದು ಬರೆದುಕೊಟ್ಟರು. ಆಕ್ಸಲ್ ಮುರಿದು ನಿಂತ ಲಾರಿಯ ಬಗ್ಗೆ ಈ ಮಾತನ್ನು ಬರೆಯಲು ಸಾಮಾನ್ಯರಿಗೆ ಧೈರ್ಯ ಸಾಲದು. ಆಸ್ಪತ್ರೆಯವರು ಗಾಯದ ಪ್ರಮಾಣಪತ್ರ ಕೊಟ್ಟರು: ಒಂದನೆಯ ಮತ್ತು ಎರಡನೆಯ ಗಾಯ ಸಾಮಾನ್ಯ ಸ್ವರೂಪದ್ದು, ಮೂರನೆಯದು ತೀವ್ರ ಸ್ವರೂಪದ್ದು. ಮೂಳೆ ಮುರಿದರೆ ತೀವ್ರ ಎಂಬುದರಲ್ಲಿ ಗೊಂದಲವಿಲ್ಲ. ಮೂಳೆ ಮುರಿಯದೆ ಬರೀ ನೋವು ತಿನ್ನುವವರು ಮಾತ್ರ ಹಳೆಯ ದಂಡ ಸಂಹಿತೆಯಲ್ಲಿ 20 ದಿನ ನರಳಬೇಕಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು 15 ದಿನಕ್ಕೆ ಇಳಿಸಿದೆ. ದೇಶದಲ್ಲಿ ಬೇರೆ ಯಾವುದರ ರೇಟೂ ಇಳಿದದ್ದು ನನಗೆ ನೆನಪಿಲ್ಲ.

ಕಾನೂನು ಎಷ್ಟು ದಯಾಳು ಎಂಬುದಕ್ಕೆ ಗಡುವಿನ ವಿಷಯ ನೋಡಿ. ಗಾಯಾಳು ಅರ್ಜಿ ಹಾಕಲು ಆರು ತಿಂಗಳ ಗಡುವು ಹಿಂದೆ ಇತ್ತು. ಆಸ್ಪತ್ರೆಯಲ್ಲಿ ಮಲಗಿರುವವನಿಗೆ ಇದೆಂಥ ಶಿಕ್ಷೆ ಎಂದು 1994ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಅಷ್ಟು ಸಡಿಲ ಬಿಟ್ಟರೆ ಜನ ಆರಾಮಾಗಿ ಗುಣವಾಗುತ್ತ ಕೂತುಬಿಡುತ್ತಾರೆ ಎಂದು ಕಂಡಿತೋ ಏನೋ, 2019ರ ತಿದ್ದುಪಡಿಯಲ್ಲಿ ಆರು ತಿಂಗಳು ಮತ್ತೆ ಬಂತು, 2022ರ ಏಪ್ರಿಲ್ 1ರಿಂದ ಜಾರಿಯೂ ಆಯಿತು. ಅದೇ ತಿದ್ದುಪಡಿಯಲ್ಲಿ ವಿಮಾ ಕಂಪನಿಗೂ ಒಂದು ಮಾತಿದೆ: ಅಪಘಾತದ ಮಾಹಿತಿ ಸಿಕ್ಕ ಮೂವತ್ತು ದಿನದೊಳಗೆ ಕಂಪನಿಯ ಅಧಿಕಾರಿ ತಾನಾಗಿಯೇ ಇಷ್ಟು ಕೊಡುತ್ತೇವೆ ಎಂದು ಮುಂದೆ ಬರಬಹುದು. ಓದಿ ನಾನು ಬೆಚ್ಚಿಬಿದ್ದೆ. ಮೂವತ್ತು ದಿನದಲ್ಲಿ ದುಡ್ಡು ಬಂದರೆ ಗಾಯಾಳುವಿಗೆ ತಾಳ್ಮೆ ಬೆಳೆಯುವುದು ಯಾವಾಗ? ಇಂಥ ಅವಸರದಿಂದ ಭಾವನನ್ನು ಎರಡೂ ಕಂಪನಿಗಳು ಕಾಪಾಡಿದವು.

ಹೌದು, ಎರಡು ಕಂಪನಿ. ಲಾರಿಗೊಂದು, ಕಾರಿಗೊಂದು. ಲಾರಿ ಕಂಪನಿಯ ವಾದ, ನಿಂತ ಗಾಡಿ ಯಾರಿಗೂ ಗುದ್ದುವುದಿಲ್ಲ, ಕಾರಿನವನು ನಿದ್ದೆ ಮಾಡುತ್ತಿದ್ದ. ಕಾರು ಕಂಪನಿಯ ವಾದ, ದೀಪವಿಲ್ಲದೆ ಹೆದ್ದಾರಿಯಲ್ಲಿ ನಿಲ್ಲಿಸಿದ್ದೇ ಅಪರಾಧ, ಲಾರಿಯವನು ಕಟ್ಟಲಿ. ಇಬ್ಬರೂ ತಮ್ಮ ಆಕ್ಷೇಪಣೆಯಲ್ಲಿ ಎಷ್ಟು ಸೊಗಸಾಗಿ ಬರೆದಿದ್ದರೆಂದರೆ ಎರಡನ್ನೂ ಸೇರಿಸಿ ಓದಿದವರಿಗೆ ತಪ್ಪೆಲ್ಲ ಕಂಪನಿಗಳದ್ದೇ ಎಂದು ಸಾಬೀತಾಗುತ್ತಿತ್ತು. ಸೇರಿಸಿ ಓದುವ ಪದ್ಧತಿ ಇಲ್ಲ, ಅಷ್ಟೆ. ಎರಡು ವಾಹನಗಳ ತಪ್ಪಿನಿಂದ ಮೂರನೆಯವನಿಗೆ ಪೆಟ್ಟಾದರೆ ಆತ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಪಡೆಯಬಹುದು, ಪಾಲಿನ ಲೆಕ್ಕ ಅವರಿಬ್ಬರ ತಲೆನೋವು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಖೆನ್ಯೇಯ್ ಪ್ರಕರಣದಲ್ಲಿ ಹೇಳಿದೆ. ಆದರೂ ಆ ತಲೆನೋವನ್ನು ಭಾವನ ಜೊತೆ ಹಂಚಿಕೊಳ್ಳುವ ಔದಾರ್ಯವನ್ನು ಎರಡೂ ಕಡೆಯವರು ಕೊನೆವರೆಗೂ ಬಿಡಲಿಲ್ಲ.

ಕಾರು ಕಂಪನಿಗೆ ಇನ್ನೊಂದು ಕುತೂಹಲವಿತ್ತು: ಅದು ವೈಟ್ ಬೋರ್ಡ್ ಗಾಡಿ, ಬಾಡಿಗೆಗೆ ಓಡಿಸಿದ್ದರೆ ಪಾಲಿಸಿಯ ಷರತ್ತು ಮುರಿದಂತೆ. ಹೀಗಾಗಿ ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆಯೇ, “ಪೆಟ್ರೋಲಿಗೆ ದುಡ್ಡು ಕೊಟ್ಟಿದ್ದು ಯಾರು?” ಭಾವ ಮರ್ಯಾದಸ್ಥರು. “ನಾನೇ ಕೊಡ್ತೀನಿ ಅಂದೆ ಸ್ವಾಮಿ, ಆತ ಈಸ್ಕೊಳ್ಳಲಿಲ್ಲ” ಅಂದರು. ನಮ್ಮ ವಕೀಲರು ಹಣೆ ಒರೆಸಿಕೊಂಡರು. ದೋಸ್ತಿಗೆ ಐನೂರು ರೂಪಾಯಿ ಪೆಟ್ರೋಲ್ ಹಾಕಿಸುವ ಮುಂಚೆ ವಿಮಾ ಕಾನೂನು ಓದಿಕೊಳ್ಳಬೇಕೆಂಬ ಸಂಸ್ಕಾರ ನಮ್ಮ ಜನರಲ್ಲಿ ಇನ್ನೂ ಬರಬೇಕಾಗಿದೆ.

ಎರಡನೆಯ ಪ್ರಶ್ನೆ ಲಾರಿ ಕಂಪನಿಯ ವಕೀಲರದ್ದು. ಅದನ್ನು ನಾನು ಪೂರ್ತಿ ಬರೆದಿಡುತ್ತೇನೆ.

“ಮಷೀನ್ ತುಳಿಯೋಕೆ ಆಗಲ್ಲ ಅಂತೀರಿ. ಮೋಟಾರ್ ಹಾಕಿಸಿಕೊಂಡರೆ ಹೊಲೀಬಹುದಲ್ವಾ?”

“ಹಾಕಿಸ್ಕೊಂಡ್ರೆ ಹೊಲೀಬೋದು ಸ್ವಾಮಿ. ಕರೆಂಟ್ ಇರ್ಬೇಕು. ಅದಕ್ಕೂ ಕಾಲಲ್ಲಿ ಒತ್ತೋ ಪೆಡಲ್ ಇರ್ತದೆ…”

“ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ.”

ದಾಖಲಾದದ್ದು ಹೀಗೆ: ಮೋಟಾರು ಅಳವಡಿಸಿಕೊಂಡರೆ ನಾನು ಹೊಲಿಗೆ ಕೆಲಸ ಮುಂದುವರಿಸಬಹುದು ಎಂದರೆ ಸರಿ. ಎಷ್ಟು ಚಿಕ್ಕ ವಾಕ್ಯ, ಎಷ್ಟು ತೂಕ! ಕರೆಂಟನ್ನೂ ಪೆಡಲನ್ನೂ ಹೊರಗಿಟ್ಟು ಸತ್ಯವನ್ನು ಇಷ್ಟು ಶುದ್ಧವಾಗಿ ಸೋಸಿಕೊಳ್ಳುವುದು ಸುಮ್ಮನೆ ಬರುವ ವಿದ್ಯೆಯಲ್ಲ.

ಇನ್ನು ಗಣಿತ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಕಿರೀಟ ಇದೇ. ಮೂಳೆ ಡಾಕ್ಟರು ಸಾಕ್ಷಿಗೆ ಬಂದು, ಮೊಣಕಾಲು ಎಷ್ಟು ಡಿಗ್ರಿ ಬಾಗುತ್ತದೆ, ಕಾಲು ಎಷ್ಟು ಗಿಡ್ಡವಾಗಿದೆ ಎಂದೆಲ್ಲ ಹೇಳಿ, ಬಲಗಾಲಿನ ಊನ ಶೇಕಡಾ 36 ಎಂದರು. ನಾವೆಲ್ಲ 36 ಎಂದು ಲೆಕ್ಕ ಹಾಕಿಕೊಂಡು ಕೂತಿದ್ದೆವು. ಆದರೆ ಕಾಲು ಮನುಷ್ಯನ ಒಂದು ಭಾಗ ಮಾತ್ರ. ಇಡೀ ದೇಹಕ್ಕೆ ಲೆಕ್ಕ ಹಾಕುವಾಗ ಮೂರರಿಂದ ಭಾಗಿಸುವುದು ರೂಢಿ. 12 ಆಯಿತು. ಎರಡು ಕಾಲಿನ ಮನುಷ್ಯನಿಗೆ ಮೂರು ಎಲ್ಲಿಂದ ಬಂತು ಎಂದು ಅಕ್ಕ ಕೇಳಿದಳು. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಜಸ್ಟ್ ಪಾಸು.

ಉಳಿದದ್ದು ಸರಳ. ಭಾವನಿಗೆ 44 ವರ್ಷ. 41ರಿಂದ 45ರವರೆಗೆ ಗುಣಕ 14. 46 ತುಂಬಿದರೆ 13. ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕೋಷ್ಟಕ ಇದು. ಬರೆದವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಇದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಅದಕ್ಕೂ ಮುಂಚೆ ಒಂದೊಂದು ಕೋರ್ಟಿನಲ್ಲಿ ಒಂದೊಂದು ಗುಣಕ ಓಡಾಡುತ್ತಿತ್ತು. ನಿಜಕ್ಕೂ ಉಪಕಾರ ಮಾಡಿದ ತೀರ್ಪು. ಕಂಪನಿಯವರ ಗಮನ ಸಹಜವಾಗಿಯೇ ಜನ್ಮದಿನಾಂಕದ ಕಡೆ ಹರಿಯಿತು. ಟಿ.ಸಿ.ಯಲ್ಲಿ ಒಂದು ತಾರೀಖು, ಆಧಾರ್ ಕಾರ್ಡಿನಲ್ಲಿ ಜನವರಿ 1. ನಮ್ಮ ಕಡೆ ಆಧಾರ್ ಪ್ರಕಾರ ಅರ್ಧ ಊರು ಹುಟ್ಟಿದ್ದು ಜನವರಿ 1ಕ್ಕೇ. ವಯಸ್ಸಿಗೆ ಆಧಾರ್‌ಗಿಂತ ಶಾಲೆಯ ದಾಖಲೆಗೇ ಮರ್ಯಾದೆ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಭಾವ 44ರಲ್ಲೇ ಉಳಿದರು. ತಿಂಗಳಿಗೆ 15,000 ಆದಾಯ ಎಂದಿಟ್ಟುಕೊಳ್ಳಿ. ಗುಣಿಸು 12, ಗುಣಿಸು 14, ಅದರಲ್ಲಿ ಶೇಕಡಾ 12: ಮೂರು ಲಕ್ಷದ ಎರಡು ಸಾವಿರದ ನಾನೂರು ರೂಪಾಯಿ. ಒಬ್ಬ ಟೈಲರ್ ಸಾಯುವವರೆಗೆ ಹೊಲಿಯಲಾಗದೆ ಬಿಡುವ ಬಟ್ಟೆಗಳ ಬೆಲೆ ನಾನೂರು ರೂಪಾಯಿಯ ಚಿಲ್ಲರೆ ಸಮೇತ ಸಿಗುವುದೆಂದರೆ ಸಾಮಾನ್ಯವೇ?

ಈ 15,000 ಎಲ್ಲಿಂದ ಬಂತು ಎಂದರೆ, ಭಾವನ ದುಡಿಮೆಗೆ ದಾಖಲೆ ಇರಲಿಲ್ಲ. ರವಿಕೆ ಹೊಲಿಸಿದ ಹೆಂಗಸರು ಫಾರ್ಮ್ 16 ಕೊಡುವುದಿಲ್ಲ. ದಾಖಲೆ ಇಲ್ಲದವರಿಗೆಂದೇ ಲೋಕ ಅದಾಲತ್‌ಗಳ ಅನುಕೂಲಕ್ಕೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಒಂದು ಪಟ್ಟಿ ಇದೆ. ಯಾವ ವರ್ಷ ಅಪಘಾತವಾಯಿತೋ ಆ ವರ್ಷದ ಎದುರಿನ ಅಂಕಿಯೇ ನಿಮ್ಮ ಸಂಬಳ. ಟೈಲರ್, ಗಾರೆಯವನು, ಹೂವಿನವಳು, ಎಲ್ಲರಿಗೂ ಒಂದೇ. ಬಸವಣ್ಣನವರ ಕಾಲದ ನಂತರ ಇಂಥ ಸಮಾನತೆ ಈ ನೆಲ ಕಂಡಿರಲಿಲ್ಲ.

ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಎಂಬ 2010ರ ತೀರ್ಪೊಂದನ್ನು ನಮ್ಮ ವಕೀಲರು ಫೈಲಿನಲ್ಲಿ ಇಟ್ಟುಕೊಂಡಿದ್ದರು. ಅಣ್ಣಾವ್ರಲ್ಲ, ಬೇರೆ ರಾಜ್‌ಕುಮಾರ್. ಅದನ್ನೂ ಬರೆದವರು ರವೀಂದ್ರನ್ ಅವರೇ. ದೇಹಕ್ಕೆ ಎಷ್ಟು ಊನವೋ ದುಡಿಮೆಗೂ ಅಷ್ಟೇ ನಷ್ಟ ಎಂದು ಕಣ್ಣುಮುಚ್ಚಿ ಬರೆಯಬೇಡಿ, ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ ನೋಡಿ ಎನ್ನುತ್ತದೆ ಅದು. ಎಡಗೈ ಹೋದರೆ ಗುಮಾಸ್ತನ ನೌಕರಿ ಉಳಿಯಬಹುದು, ಬಡಗಿಯ ಅಥವಾ ಡ್ರೈವರಿನ ಬದುಕು ಹೆಚ್ಚುಕಡಿಮೆ ಪೂರ್ತಿ ಹೋಗಬಹುದು ಎಂಬ ಉದಾಹರಣೆ ಕೂಡ ಇದೆ. ಓದಿ ಭಾವನ ಕಣ್ಣು ಅರಳಿತು. “ಹಂಗಾದ್ರೆ ಟೈಲರ್ ಬಲಗಾಲಿಗೆ ಎಷ್ಟಾಗ್ಬೋದು ಸಾರ್?” ವಕೀಲರು ನಿಟ್ಟುಸಿರು ಬಿಟ್ಟು ಹೇಳಿದರು: “ವಾದ ಮಾಡಿದ್ರೆ ಬರಬಹುದು ಟೈಲರ್ರೇ. ಕಂಪನಿ ಹೈಕೋರ್ಟಿಗೆ ಅಪೀಲ್ ಹಾಕಿದ್ರೆ ಯಾವಾಗ ಬರತ್ತೆ ಅಂತ ನಾನು ಹೇಳಲ್ಲ.”

ರಾಜಿಯ ಮಹಿಮೆ ನನಗೆ ಹೊಳೆದದ್ದು ಆಗಲೇ. ಆಸ್ಪತ್ರೆಗೆ ಕಟ್ಟಲು ಅಕ್ಕ ಕೈಸಾಲ ತಂದಿದ್ದಳು, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ವರ್ಷಕ್ಕೆ ಶೇಕಡಾ 36, ಡಾಕ್ಟರು ಕೊಟ್ಟ ಅದೇ ಅಂಕಿ. ಅದನ್ನು ಮೂರರಿಂದ ಭಾಗಿಸಿಕೊಳ್ಳಲು ಸಾಹುಕಾರ ಒಪ್ಪಲಿಲ್ಲ. ನ್ಯಾಯಮಂಡಳಿ ಕೊಡುವ ಬಡ್ಡಿ ನಮ್ಮ ಕಡೆ ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 6. ಒಂದೊಂದು ವಾಯಿದೆ ಮುಂದೆ ಹೋದಾಗಲೂ ಈ ಎರಡು ಬಡ್ಡಿಗಳ ನಡುವಿನ ಅಂತರ ಕಂಪನಿಯ ಪರವಾಗಿ ದುಡಿಯುತ್ತಿತ್ತು, ವಕಾಲತ್ತು ಹಾಕದೆ, ಫೀಸು ಕೇಳದೆ. ಜಡ್ಜ್ ರಜೆ, ಸ್ಟ್ರೈಕು, ಸಮನ್ಸು ಜಾರಿಯಾಗಿಲ್ಲ, ಡಾಕ್ಟರಿಗೆ ಆಪರೇಷನ್ ಇದೆ: ಯಾವುದರಲ್ಲೂ ಕಂಪನಿಯ ಕೈವಾಡವಿಲ್ಲ, ಎಲ್ಲವೂ ಅದನ್ನು ಕೈಹಿಡಿದು ನಡೆಸುತ್ತವೆ. ಮೊದಲ ವರ್ಷ ಭಾವ, “ಹತ್ತು ಲಕ್ಷಕ್ಕೆ ಒಂದು ರೂಪಾಯಿ ಕಮ್ಮಿ ಆದ್ರೂ ಒಪ್ಪಲ್ಲ” ಎನ್ನುತ್ತಿದ್ದರು. ಆಮೇಲೆ, “ಎಂಟಾದ್ರೆ ಸಾಕಪ್ಪ.” ಆಮೇಲೆ, “ಎಷ್ಟೋ ಒಂದು, ಬೇಗ ಬರ್ಲಿ.” ಮನುಷ್ಯನ ಆಸೆಯನ್ನು ಇಷ್ಟು ನಾಜೂಕಾಗಿ ಕರಗಿಸಿದ ಮಠ, ಆಶ್ರಮ ನಾನು ನೋಡಿಲ್ಲ.

ಅದಾಲತ್ ಶನಿವಾರ ನಡೆಯಿತು. ಕೋರ್ಟ್ ಹಾಲಿನಲ್ಲಿ ಪೆಂಡಾಲಿನ ಕುರ್ಚಿಗಳು, ಬಾಗಿಲಿಗೆ ಬ್ಯಾನರು. ನ್ಯಾಯಾಧೀಶರ ಪಕ್ಕ ಸಂಧಾನಕಾರರಾಗಿ ಒಬ್ಬ ವಕೀಲರು. ಎರಡೂ ಕಂಪನಿಗಳ ಅಧಿಕಾರಿಗಳು ಫೈಲು, ಪಟ್ಟಿ ಸಮೇತ ಹಾಜರು. ಹಿಂದಿನ ಅದಾಲತ್‌ನಲ್ಲಿ ಒಬ್ಬರು ಬಂದಿದ್ದರೆ ಇನ್ನೊಬ್ಬರಿಗೆ ಮೇಲಿನಿಂದ ಅಪ್ಪಣೆ ಬಂದಿರಲಿಲ್ಲ. ಅಧಿಕಾರಿಯ ಪಟ್ಟಿಯಲ್ಲಿ ಭಾವನ ನಂಬರಿನ ಎದುರು ಪೆನ್ಸಿಲಿನಲ್ಲಿ ಒಂದು ಅಂಕಿ ಇತ್ತು. ಅದರ ಮೇಲೆ ಆತ ಮೊಬೈಲ್ ಇಟ್ಟುಕೊಂಡಿದ್ದ. ದನದ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರದಂತೆ, ಎಲ್ಲರಿಗೂ ಅಂಕಿ ಗೊತ್ತು, ಯಾರ ಬಾಯಲ್ಲೂ ಬರುವುದಿಲ್ಲ. ವ್ಯತ್ಯಾಸವೆಂದರೆ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುತ್ತಾರೆ. ಇಲ್ಲಿ ಭಾವನಿಗೆ ಒಂಚೂರು ನಡೆದು ತೋರಿಸಿ ಎಂದರು.

ಭಾವ ನಡೆದರು. ಪಂಚೆ ಉಟ್ಟಿದ್ದರಿಂದ ಕುಂಟು ಅಷ್ಟಾಗಿ ಕಾಣಲಿಲ್ಲ. “ಚೆನ್ನಾಗೇ ನಡೀತಾರಲ್ಲ ಸಾರ್” ಎಂದು ಅಧಿಕಾರಿ ಸಂತೋಷಪಟ್ಟರು. ಎದುರಾಳಿಯ ಆರೋಗ್ಯ ಕಂಡು ಇಷ್ಟು ಹಿಗ್ಗುವವರನ್ನು ಬೇರೆಲ್ಲೂ ಕಾಣೆವು.

ಕಂಪನಿಗಳು ಎರಡೂವರೆಯಿಂದ ಶುರು ಮಾಡಿದವು, ನಾವು ಎಂಟರಿಂದ. ಆಸ್ಪತ್ರೆ ಬಿಲ್ಲೇ ಎರಡೂ ಮುಕ್ಕಾಲು ಎಂದು ಅಕ್ಕ ಎದ್ದು ಹೇಳಿದಳು. ಅದರಲ್ಲಿ ಮೂಲ ಬಿಲ್ ಎಷ್ಟು, ಜೆರಾಕ್ಸ್ ಎಷ್ಟು ಎಂಬ ವಿಚಾರಣೆ ನಡೆಯಿತು. ಅತ್ತೆಯವರು ಹಟ ಹಿಡಿದು ಹಾಕಿಸಿದ ನಾಟಿ ಕಟ್ಟಿಗೆ ಬಿಲ್ ಇರಲಿಲ್ಲ. ಮೂಳೆ ಕೂಡಲಿ ಎಂದು ತಿಂಗಳುಗಟ್ಟಲೆ ಕುಡಿಸಿದ ಕಾಲು ಸೂಪಿಗೂ ಇರಲಿಲ್ಲ. ಪೌಷ್ಟಿಕ ಆಹಾರ ಎಂಬ ಬಾಬ್ತು ಕಾನೂನಿನಲ್ಲಿ ಇದ್ದರೂ ಮಟನ್ ಅಂಗಡಿಯವರು ಇನ್ನೂ ಜಿ.ಎಸ್.ಟಿ. ಬಿಲ್ ಮಟ್ಟಕ್ಕೆ ಏರಿಲ್ಲ. ನೋಡಿಕೊಂಡವರ ಖರ್ಚು ಎಂಬ ಬಾಬ್ತೂ ಇದೆ, ಆಸ್ಪತ್ರೆಯಲ್ಲಿದ್ದಷ್ಟು ದಿನಕ್ಕೆ. ಡಿಸ್ಚಾರ್ಜ್ ಆದಮೇಲೆ ಏಳು ತಿಂಗಳು ಭಾವನನ್ನು ಎತ್ತಿ, ಕೂರಿಸಿ, ಬಚ್ಚಲಿಗೆ ಕರೆದೊಯ್ದವಳು ಅಕ್ಕ. ಅವಳು ಹೆಂಡತಿ, ಹೆಂಡತಿಗೆ ರಸೀದಿ ಪುಸ್ತಕ ಇರುವುದಿಲ್ಲ.

ನಾಲ್ಕೂಕಾಲಿಗೆ ನಿಂತಿತು. ಗ್ಲೋಬಲ್ ಅಮೌಂಟ್. ಅಂದರೆ ಬಡ್ಡಿ ಸೇರಿ, ಖರ್ಚು ಸೇರಿ, ಆಗಿದ್ದೂ ಆಗಲಿರುವುದೂ ಎಲ್ಲ ಸೇರಿ. ಎರಡೂ ಕಂಪನಿಗಳ ಪಾಲು ಅರ್ಧರ್ಧ. ವರ್ಷಗಟ್ಟಲೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದವರು ಎರಡು ನಿಮಿಷದಲ್ಲಿ ಅಣ್ಣತಮ್ಮಂದಿರಾದರು. ಜಾಯಿಂಟ್ ಮೆಮೊ ಬಂತು, ಎಲ್ಲಿ ಗುರುತು ಹಾಕಿತ್ತೋ ಅಲ್ಲಿ ಭಾವ ಸಹಿ ಮಾಡಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅದಾಲತ್‌ನ ಅವಾರ್ಡು ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಮತ್ತೆ ಯೋಚಿಸುವ ಕಷ್ಟದಿಂದ ಗಾಯಾಳುವನ್ನು ಶಾಶ್ವತವಾಗಿ ಬಿಡಿಸುವ ಇಂಥ ಕಲಮನ್ನು ಮದುವೆ ಕಾನೂನಿನಲ್ಲೂ ಇಡಬಾರದೇಕೆ ಎಂದು ಹಿಂದಿನ ಕುರ್ಚಿಯವರೊಬ್ಬರು ಗೊಣಗಿದರು. ಫೋಟೊ ತೆಗೆದರು. ಮಾರನೇ ದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಇತ್ಯರ್ಥವಾದ ಪ್ರಕರಣಗಳ ಸಂಖ್ಯೆ ದಪ್ಪಕ್ಷರದಲ್ಲಿ ಬಂತು. ಅದರಲ್ಲಿ ಒಂದು ಭಾವ.

ವಕೀಲರ ಫೀಸಿನ ಬಗ್ಗೆ ತಪ್ಪು ಕಲ್ಪನೆ ಬೇಡ. ಕಕ್ಷಿದಾರನಿಗೆ ಬಂದ ಹಣದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದನ್ನು ಬಾರ್ ಕೌನ್ಸಿಲಿನ ನಿಯಮ ಬಿಲ್‌ಕುಲ್ ಒಪ್ಪುವುದಿಲ್ಲ. ಹೀಗಾಗಿ ಪರ್ಸೆಂಟೇಜಿನ ಮಾತು ಯಾರೂ ಎತ್ತಲಿಲ್ಲ. ಖರ್ಚು, ಟೈಪಿಂಗು, ಡಾಕ್ಟರ ಸಾಕ್ಷಿ, ಅದೂ ಇದೂ ಎಲ್ಲ ಕೂಡಿಸಿದಾಗ ಮೊತ್ತ ಒಂದು ದುಂಡಗಿನ ಪರ್ಸೆಂಟೇಜಿಗೆ ಬಂದು ನಿಂತದ್ದು ಶುದ್ಧ ಕಾಕತಾಳೀಯ.

ಹಣ ಕೋರ್ಟಿಗೆ ಜಮೆಯಾಗಿ, ಚೆಕ್ ಅರ್ಜಿ ಹಾಕಿ, ಪ್ಯಾನು, ಪಾಸ್‌ಬುಕ್ಕು ಎಲ್ಲ ಕೊಟ್ಟಮೇಲೆ ಅರ್ಧ ಭಾವನ ಖಾತೆಗೆ ಬಂತು. ಇನ್ನರ್ಧ ಮೂರು ವರ್ಷ ಎಫ್.ಡಿ. ಬಡವರ ಕೈಗೆ ಒಟ್ಟಿಗೆ ದುಡ್ಡು ಬಂದರೆ ಯಾರಾದರೂ ಮೋಸ ಮಾಡಿ ಹೊಡೆದುಕೊಂಡಾರು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಸೂಸಮ್ಮ ಥಾಮಸ್ ಪ್ರಕರಣದಲ್ಲಿ ಕೊಟ್ಟ ಕಾಳಜಿಯ ಸೂಚನೆ ಅದು, ನಾನಂತೂ ಒಪ್ಪುತ್ತೇನೆ. ಕೈಗೆ ಬಂದ ಅರ್ಧದಲ್ಲಿ ತನ್ನ ಪಾಲನ್ನು ಸಾಹುಕಾರ ಅದೇ ಸಂಜೆ ಬಂದು ತೆಗೆದುಕೊಂಡು ಹೋದ. ಉಳಿದ ಸ್ವಲ್ಪದರಲ್ಲಿ ಭಾವ ಮಷೀನಿಗೆ ಮೋಟಾರು ಹಾಕಿಸಿದರು. ಪೆಡಲನ್ನು ಎಡಗಾಲಿಗೆ ಸರಿಸಿಕೊಂಡಿದ್ದಾರೆ. ಹೊಲಿಗೆ ಒಂದೊಂದು ಸಲ ಓರೆಯಾಗುತ್ತದೆ, ಗಿರಾಕಿಗಳು ಹಳಬರು, ಏನೂ ಅನ್ನುವುದಿಲ್ಲ. ಲಾರಿ ಕಂಪನಿಯ ವಕೀಲರು ಕೋರ್ಟಿನಲ್ಲಿ ನುಡಿದದ್ದು ಅಕ್ಷರಶಃ ನಿಜವಾಗಿದೆ.

ಮೊನ್ನೆ ಡಾಕ್ಟರು, ತೊಡೆಯೊಳಗಿನ ರಾಡ್ ಇನ್ನು ತೆಗೆಸಬೇಕು ಎಂದರಂತೆ. ಅದರ ಖರ್ಚು ನಾಲ್ಕೂಕಾಲಿನಲ್ಲೇ ಸೇರಿದೆ. ಎಫ್.ಡಿ. ಬಿಡಿಸಲು ಕೋರ್ಟಿಗೆ ಅರ್ಜಿ ಹಾಕಬೇಕು, ಅರ್ಜಿಗೆ ಆಸ್ಪತ್ರೆಯ ಎಸ್ಟಿಮೇಟ್ ಬೇಕು. ಅದನ್ನು ತರಲು ಭಾವನ ಜೊತೆ ನಾನೂ ಹೋಗಿದ್ದೆ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದಳು: “ಕ್ಯಾಷಾ ಅಂಕಲ್, ಇನ್ಶೂರೆನ್ಸಾ?”

ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. “ಕ್ಯಾಷು ಕಣಮ್ಮ” ಅಂದರು.